ಬೀಗರ ಮನೆಗೆ ಹೋದ ಕೆಂಪು ಚೀಲ

ನಮ್ಮ ಭಾವ ಕೋ ಶುಯಿಶೆಂಗ್ ಅವರಿಗೆ ಬುದ್ಧಿ ಕಡಿಮೆ ಎಂದು ತೈನಾನಿನ ನಮ್ಮ ಓಣಿಯಲ್ಲಿ ಯಾರೂ ಹೇಳುವುದಿಲ್ಲ. ಬುದ್ಧಿ ಇದೆ, ಬೇಕಾದ ಹೊತ್ತಿಗೆ ಮಾತ್ರ ಅದು ಮನೆಯಲ್ಲಿರುವುದಿಲ್ಲ ಎಂದಷ್ಟೇ ಹೇಳುತ್ತಾರೆ. ಆದ್ದರಿಂದ ಅವರು ಎಲ್ಲಿಗೆ ಹೊರಟರೂ ನಮ್ಮಕ್ಕ ಲಿಯೆನ್‌ಚೂ ನನ್ನನ್ನು ಜೊತೆಗೆ ಅಟ್ಟುತ್ತಾಳೆ. ನಾನು ಅವಳ ತಮ್ಮ, ಅಹೋಕ್. ಕೊಡೆ ಕಳೆದರೆ ಇನ್ನೊಂದು ಕೊಳ್ಳಬಹುದು, ಗಂಡ ಕಳೆದರೆ ಹುಡುಕಿಕೊಂಡು ಅಲೆಯುವವರು ಯಾರು ಎಂಬುದು ಅವಳ ವಾದ.

ಈ ಸಲ ಹೊರಟದ್ದು ತೈಪೆಗೆ. ಅಲ್ಲಿ ಕೆಲಸದಲ್ಲಿರುವ ಭಾವನ ಮಗಳು ಪೇಯಿಶಾನ್, ಶಾವ್‌ಲುನ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಭಾನುವಾರ ಸಂಜೆ ಹುಡುಗನ ಮನೆಯಲ್ಲಿ ಎರಡೂ ಕಡೆಯವರು ಮೊದಲ ಸಲ ಕೂತು ಮಾತಾಡುವುದೆಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಅಮ್ಮ, ಮಗಳು ಕೂದಲು ಸರಿಮಾಡಿಸಿಕೊಳ್ಳಲು ಹೋಗುವುದು, ಭಾವನೂ ನಾನೂ ಆರಾಮವಾಗಿ ಊರು ಸುತ್ತುವುದು. ರಜೆಯ ದಿನ ಕೈಬೀಸಿಕೊಂಡು ಊರು ಸುತ್ತುವುದಕ್ಕಿಂತ ಸುಲಭದ ಕೆಲಸ ಮನುಷ್ಯನಿಗೆ ಇರಲಾರದು. ಅದನ್ನೂ ಭಾವ ಕೆಡಿಸಿದರು.

ಎಲ್ಲಕ್ಕೂ ಮೂಲ ಮೀನು. ತೈನಾನಿನವರಿಗೆ ಬೆಳಗ್ಗೆ ಹೂಮೀನಿನ ಗಂಜಿ ಬೀಳದಿದ್ದರೆ ಕಣ್ಣು ತೆರೆಯುವುದಿಲ್ಲ. ತೈಪೆಯಲ್ಲೂ ಮೀನು ಸಿಗುತ್ತದೆ, ಆದರೆ ಭಾವನ ಪ್ರಕಾರ ಅದು ಮೀನಲ್ಲ, ಮೀನಿನ ದೂರದ ನೆಂಟ.

"ನಮ್ದು ಹಳೇ ರಾಜಧಾನಿ ಕಣೋ. ಇವರು ನಿನ್ನೆ ಮೊನ್ನೆ ಊರು ಕಟ್ಕೊಂಡೋರು. ಇವರ ಮೀನು ತಿಂದು ಬೀಗರ ಮುಂದೆ ಎದೆ ಸೆಟೆಸಿ ಕೂರೋಕಾಗುತ್ತಾ?" ಎನ್ನುತ್ತ ಅವರು ಐಸು ತುಂಬಿದ ಡಬ್ಬಿಯಲ್ಲಿ ಹೂಮೀನು ಹೊತ್ತು ತಂದಿದ್ದರು. ಬೆಳಗ್ಗೆ ನಾವೆಲ್ಲ ಏಳುವ ಮುಂಚೆಯೇ ಮಗಳ ಒಂಟಿ ಕೋಣೆಯ ಪುಟ್ಟ ಕಟ್ಟೆಯ ಮೇಲೆ ಅದನ್ನು ಹೆಚ್ಚಿ ಗಂಜಿ ಮಾಡಿದರು. ಗಂಜಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ತಿಂದು ಮುಗಿಸಿದ ಮೇಲೆ ತಲೆ, ಮೂಳೆ, ಕರುಳು ಉಳಿದವು.

"ಅಪ್ಪಾ, ಇವತ್ತು ಭಾನುವಾರ!" ಎಂದಳು ಪೇಯಿಶಾನ್. "ಕಸದ ಗಾಡಿ ಬರಲ್ಲ!"

"ಇವತ್ತು ಬರದಿದ್ರೆ ನಾಳೆ ಬರುತ್ತೆ."

"ಈ ಸೆಕೇಲಿ ನಾಳೆ ತನಕ ಇಟ್ರೆ ಅದಿರುತ್ತೆ, ನಾವು ಇರಕ್ಕಾಗಲ್ಲ. ಫ್ರಿಜ್ ನೋಡಿದ್ದೀರಾ? ಒಂದು ಮೊಸರಿನ ಡಬ್ಬಿ ಇಟ್ರೆ ಬಾಗಿಲು ಹಾಕಕ್ಕಾಗಲ್ಲ."

ಅಕ್ಕ ತೀರ್ಪು ಕೊಟ್ಟಳು. "ಹೆಚ್ಚಿದೋರೇ ಎತ್ಕೊಂಡು ಹೋಗ್ಲಿ. ಊಟ ಆದ್ಮೇಲೆ ಬೀಗರು ಹುಡುಗಿ ರೂಮು ನೋಡ್ತೀವಿ ಅಂತ ಬಂದ್ರೂ ಬಂದ್ರೇ. ಆಗ ಇಲ್ಲಿ ನಾತ ಹೊಡೀತಿದ್ರೆ ನಾನು ಸುಮ್ನಿರಲ್ಲ."

ಹೊರಡುವಾಗ ಪೇಯಿಶಾನ್ ಅಪ್ಪನ ಕೈ ಹಿಡಿದುಕೊಂಡು ಹೇಳಿದಳು. "ಇನ್ನೊಂದು ವಿಷಯ ಅಪ್ಪ. ಶಾವ್‌ಲುನ್ ಅವರಪ್ಪ ಕಸದ ಇಲಾಖೇಲಿ ಮೇಲಧಿಕಾರಿ ಆಗಿದ್ದೋರು. ಕೆಲಸದಲ್ಲಿದ್ದಷ್ಟು ದಿನ ಒಂದು ತಪ್ಪನ್ನೂ ಬಿಟ್ಟೋರಲ್ಲವಂತೆ. ಅವರ ಹೆಂಡತಿ ಒಂದ್ಸಲ ಬೇರೆ ಚೀಲದಲ್ಲಿ ಕಸ ಹಾಕಿದ್ರು ಅಂತ ಅವರಿಗೇ ದಂಡ ಹಾಕಿದ್ರು. ಸಂಜೆ ದಯವಿಟ್ಟು ಕಸದ ಮಾತು ಎತ್ತಬೇಡಿ. ನಂಗೆ ಈ ಹುಡುಗ ಬೇಕು."

"ನಾನ್ಯಾಕೆ ಎತ್ತಲಿ ಮಗಾ?" ಎಂದರು ಭಾವ. ಅವರು ಮಾತು ಎತ್ತಲಿಲ್ಲ, ನಿಜ. ಕಸವನ್ನೇ ಎತ್ತಿಕೊಂಡು ಹೊರಟರು.

ಬೀಗರಿಗೆಂದು ಅಕ್ಕ ಮಾವಿನಹಣ್ಣಿನ ಪೆಟ್ಟಿಗೆ ತಂದಿದ್ದಳು. ಅದರ ಜೊತೆ ಅಂಗಡಿಯವರು ಕೊಟ್ಟ ಒಂದು ಕೆಂಪು ಕಾಗದದ ಚೀಲ ಹೆಚ್ಚಿಗೆ ಉಳಿದಿತ್ತು. ಚಿನ್ನದ ಬಣ್ಣದ ಅಕ್ಷರ, ರೇಷ್ಮೆ ದಾರದ ಹಿಡಿ. ಭಾವ ಮೀನಿನ ಅವಶೇಷಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗೆ ಇಳಿಸಿದರು. "ಕೈಲಿ ಹಿಡ್ಕೊಂಡು ಓಡಾಡೋ ವಸ್ತು. ನೋಡಕ್ಕೆ ಮರ್ಯಾದೆಯಾಗಿರ್ಬೇಕು" ಎಂದರು. ದಾರಿಯಲ್ಲಿ ಎಲ್ಲಾದರೂ ತೊಟ್ಟಿ ಸಿಕ್ಕರೆ ಹಾಕಿದರಾಯಿತು ಎಂಬುದು ಅವರ ಯೋಜನೆ.

ಮೊದಲ ಅಂಗಡಿಯಲ್ಲೇ ಕೌಂಟರಿನ ಹೆಂಗಸು ತಲೆ ಅಲ್ಲಾಡಿಸಿದಳು. "ನಗರದ ಮುದ್ರೆ ಇರೋ ಚೀಲದಲ್ಲಿ ಹಾಕ್ಬೇಕು, ಚಿಕ್ಕಪ್ಪ." ತೈಪೆಯಲ್ಲಿ ಆ ಮುದ್ರೆ ಇಲ್ಲದಿದ್ದರೆ ಕಸವನ್ನು ಕಸವೆಂದೇ ಒಪ್ಪುವುದಿಲ್ಲ. ನಮ್ಮೂರಲ್ಲಿ ಯಾವ ಚೀಲದಲ್ಲಿದ್ದರೂ ಕಸ ಕಸವೇ. ಭಾವ ಮುದ್ರೆಯ ಚೀಲ ಕೊಂಡು, ಅಂಗಡಿಯ ಮುಂದೆಯೇ ಅದರಲ್ಲಿ ಗಂಟು ತುಂಬಿ ಕಟ್ಟಿ, ವಿಜಯಿಯಂತೆ ಮುಂದಕ್ಕೆ ಚಾಚಿದರು.

"ಈಗ ತಗೊಳ್ಳಮ್ಮ."

"ಈಗ ಸರಿಯಾಗಿದೆ. ನಾಳೆ ಸಂಜೆ ಗಾಡಿ ಬಂದಾಗ ಹಾಕಿ."

ಭಾವ ಅದನ್ನು ಮತ್ತೆ ಕೆಂಪು ಚೀಲದೊಳಗೆ ಇಳಿಸಿದರು. ಹೀಗೆ ನಾವು ಲುಂಗ್‌ಶಾನ್ ಗುಡಿಗೆ ಹೋದೆವು. ಅಲ್ಲಿ ಭಕ್ತರು ಹಣ್ಣು, ಹೂವು, ಬಿಸ್ಕತ್ತುಗಳನ್ನು ಮೇಜಿನ ಮೇಲಿಟ್ಟು ಕೈಮುಗಿಯುತ್ತಿದ್ದರು. ಭಾವನ ಕಣ್ಣು ಆ ಮೇಜಿನ ಮೇಲೆ ಒಂದು ಕ್ಷಣ ಹೆಚ್ಚಿಗೆ ನಿಂತಿತು. ನಾನು ಅವರ ತೋಳು ಹಿಡಿದು ಹೊರಗೆ ಕರೆತಂದೆ. ಪಾಪಕ್ಕೂ ಒಂದು ಮಿತಿ ಇರಬೇಕು.

ಉದ್ಯಾನದಲ್ಲಿ ಕೊನೆಗೂ ಒಂದು ತೊಟ್ಟಿ ಕಂಡಿತು. ಅದರ ಪಕ್ಕದಲ್ಲಿ ಹಸಿರು ಅಂಗಿ ತೊಟ್ಟ ಸ್ವಯಂಸೇವಕಿಯೂ ಕಂಡಳು. ಭಾವ ಚೀಲವನ್ನು ಎತ್ತುವಷ್ಟರಲ್ಲಿ ಆಕೆ ಎದ್ದು ನಿಂತಳು.

"ಇದು ದಾರಿಹೋಕರ ಕಸಕ್ಕೆ. ಮನೆ ಕಸಕ್ಕಲ್ಲ."

"ನಾನೂ ದಾರಿಹೋಕನೇ ತಾಯಿ. ತೈನಾನಿನಿಂದ ಬಂದಿದ್ದೀನಿ."

ಆಕೆ ಮೂಗನ್ನು ಚೀಲದ ಕಡೆ ಸ್ವಲ್ಪವೇ ತಿರುಗಿಸಿದಳು. "ತೈನಾನಿನಲ್ಲಿ ದಾರಿಹೋಕರು ನಡೀತಾ ನಡೀತಾ ಮೀನು ಹೆಚ್ತಾರಾ?"

ಆಕೆ ಫೋನು ತೆಗೆದು ದಂಡ ಹಾಕಿಸಲು ಫೋಟೊ ಹಿಡಿಯುವ ಸೂಚನೆ ಕಂಡದ್ದೇ ತಡ, ಭಾವ ವಯಸ್ಸಿಗೆ ಮೀರಿದ ವೇಗದಲ್ಲಿ ಸುರಂಗ ರೈಲಿನ ಮೆಟ್ಟಿಲಿಳಿದರು.

ರೈಲು ತುಂಬಿತ್ತು. ನಾವು ನಿಂತ ಕಡೆ ಮಾತ್ರ ಎರಡು ನಿಲ್ದಾಣ ಕಳೆಯುವುದರಲ್ಲಿ ನಾಲ್ಕು ಜನ ಮಲಗುವಷ್ಟು ಜಾಗವಾಯಿತು. "ನೋಡು, ತೈಪೆ ಜನ ಜಂಬದೋರು ಅಂತಾರೆ. ಹಿರಿಯರಿಗೆ ಎಷ್ಟು ಮರ್ಯಾದೆ ಕೊಡ್ತಾರೆ!" ಎಂದು ಭಾವ ಕಾಲು ಚಾಚಿ ಕೂತರು. ಆ ದಿನ ಅವರಿಗೆ ಸಿಕ್ಕ ಸಂತೋಷ ಅದೊಂದೇ.

ಇಳಿಯುವಾಗ ಅವರಿಗೆ ಹೊಸ ಉಪಾಯ ಹೊಳೆಯಿತು. ಚೀಲವನ್ನು ಬಿಸಾಡಿದರೆ ತಾನೇ ದಂಡ? ಮರೆತರೆ? ಮರೆವಿಗೆ ಯಾವ ದೇಶದಲ್ಲೂ ದಂಡವಿಲ್ಲ. ಮರೆಯುವುದರಲ್ಲಿ ಭಾವನಿಗೆ ಜೀವಮಾನದ ಅನುಭವವಿತ್ತು. ಚೀಲವನ್ನು ಆಸನದ ಮೇಲೇ ಬಿಟ್ಟು ಇಳಿದರು. ಬಾಗಿಲು ಮುಚ್ಚುವ ಮುಂಚೆ ಒಬ್ಬ ವಿದ್ಯಾರ್ಥಿನಿ ಹಾರಿಕೊಂಡು ಬಂದು ಚೀಲ ಕೊಟ್ಟು, ತನ್ನ ರೈಲು ತಪ್ಪಿಸಿಕೊಂಡು, "ಹುಷಾರು ತಾತ" ಎಂದು ನಕ್ಕಳು. ಭಾವ ಆಕೆಗೆ ತಲೆ ಬಾಗಿಸಿ ವಂದಿಸಬೇಕಾಯಿತು.

ಊರಿಗೇ ಎತ್ತರವಾದ ಕಟ್ಟಡದ ಬುಡದ ಬೆಂಚಿನ ಮೇಲೆ ಮರೆತರು. ಬೈಕಿನವನೊಬ್ಬ ರಸ್ತೆ ದಾಟಿಕೊಂಡು ಬಂದು ಕೊಟ್ಟ. ಚಹಾ ಅಂಗಡಿಯಲ್ಲಿ ಮರೆತರು. ಅಂಗಡಿಯಾಕೆ ಏದುಸಿರು ಬಿಡುತ್ತ ಬೀದಿಯ ಕೊನೆಯವರೆಗೆ ಓಡಿ ಬಂದು ಕೊಟ್ಟಳು. "ಯಾರಿಗೋ ಉಡುಗೊರೆ ಅಲ್ವಾ ಸರ್? ಕಳ್ಕೊಂಡಿದ್ರೆ ಎಷ್ಟು ಬೇಜಾರಾಗ್ತಿತ್ತು!" ಎಂದಳು. ಭಾವನ ಕಣ್ಣಲ್ಲಿ ನೀರಿತ್ತು. ಕೃತಜ್ಞತೆಯೆಂದು ಆಕೆ ತಿಳಿದಳು.

"ಈ ದರಿದ್ರ ಊರಲ್ಲಿ ಒಬ್ಬ ಕಳ್ಳನೂ ಇಲ್ಲವೇನೋ ಅಹೋಕ್?" ಎಂದು ಭಾವ ಕಾಲುದಾರಿಯ ಅಂಚಿನಲ್ಲಿ ಕೂತುಬಿಟ್ಟರು. ಚೀಲ ಬಿಸಿ ತುಪ್ಪವಾಗಿತ್ತು, ಉಗುಳುವಂತಿರಲಿಲ್ಲ, ನುಂಗುವಂತಿರಲಿಲ್ಲ. ಅಷ್ಟರಲ್ಲಿ ಅಕ್ಕನ ಫೋನು ಬಂತು. ತಾವು ಆಗಲೇ ಬೀಗರ ಮನೆ ತಲುಪಿದ್ದೇವೆ, ಎಲ್ಲರೂ ಕಾಯುತ್ತಿದ್ದಾರೆ, ಈಗಿಂದೀಗ ಬರಬೇಕು.

"ಮೆಟ್ಟಿಲ ಹತ್ರ ಎಲ್ಲಾದ್ರೂ ಇಟ್ಟು ಒಳಗೆ ಹೋಗೋಣ ಭಾವ" ಎಂದೆ ನಾನು. ಒಳ್ಳೆಯ ಸಲಹೆಯೇ. ಆದರೆ ನಾವು ಕಟ್ಟಡದ ಬಾಗಿಲಿಗೆ ಬರುವುದಕ್ಕೂ ಹುಡುಗನ ತಂದೆ ಫಾಂಗ್ ಅವರು ನಮ್ಮನ್ನು ಎದುರುಗೊಳ್ಳಲು ಕೆಳಗಿಳಿದು ಬರುವುದಕ್ಕೂ ಸರಿಹೋಯಿತು. ಎತ್ತರದ ಮನುಷ್ಯ. ಇಸ್ತ್ರಿ ಮಾಡಿದ್ದು ಅಂಗಿಯನ್ನೋ ಅವರನ್ನೋ ಎಂದು ಅನುಮಾನ ಬರುವಂತಿದ್ದರು. ಅವರ ಹೆಂಡತಿಯೂ ಹಿಂದೆಯೇ ಇದ್ದರು. ಆಕೆಯ ಕಣ್ಣು ನೆಟ್ಟಗೆ ಕೆಂಪು ಚೀಲದ ಮೇಲೆ ಬಿತ್ತು.

"ಅಯ್ಯೋ, ಬರೋದಲ್ದೆ ಇದೆಲ್ಲ ಯಾಕೆ ತಂದ್ರಿ? ಆಗಲೇ ನಿಮ್ಮ ಮನೆಯೋರು ಮಾವಿನಹಣ್ಣು ಕೊಟ್ಟಿದ್ದಾರೆ!"

"ಇಲ್ಲ ಇಲ್ಲ, ಇದು ನಿಮಗಲ್ಲ" ಎಂದರು ಭಾವ.

"ಹಾಗಂದ್ರೆ ಬಿಡ್ತೀವಾ?" ಎಂದು ಆಕೆ ನಕ್ಕು ದಾರ ಹಿಡಿದರು. ಭಾವ ಬಿಡಲಿಲ್ಲ. ಆಕೆ ಎಳೆದರು. ನಮ್ಮಲ್ಲಿ ಕೊಡುವವರು ತಳ್ಳುವುದು, ತೆಗೆದುಕೊಳ್ಳುವವರು ಬೇಡ ಎನ್ನುವುದು ಪದ್ಧತಿ. ಕೊಡುವವರೇ ಹಿಂದಕ್ಕೆ ಎಳೆಯುವುದನ್ನು ಆಕೆ ಕಂಡಿರಲಿಲ್ಲ. ಇದು ತೈನಾನಿನ ಹಳೆಯ ಸಂಪ್ರದಾಯವಿರಬೇಕೆಂದು ತಿಳಿದು ಇನ್ನಷ್ಟು ಉತ್ಸಾಹದಿಂದ ಎಳೆದರು.

ಭಾವನಿಗೆ ಬೇರೆ ದಾರಿ ತೋಚಲಿಲ್ಲ. ಅವರು ನಿಜವನ್ನೇ ಹೇಳಿದರು. "ದಯವಿಟ್ಟು ಬಿಡಿ ತಾಯಿ. ಇದು ಬರೀ ಕಸ."

ಫಾಂಗ್ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಡುಗೊರೆ ಕೊಡುವಾಗ "ಏನೋ ಚೂರು ಪಾರು", "ಬಾಯಿಗಿಡೋ ಹಾಗೇ ಇಲ್ಲ" ಎಂದು ಹೀಗಳೆಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ವಿನಯ ಈ ಮಟ್ಟ ಮುಟ್ಟಿದ್ದನ್ನು ಅವರು ನೋಡಿರಲಿಲ್ಲ. "ಕೇಳಿಸ್ಕೊಂಡ್ರಾ?" ಎಂದು ಆಕೆ ಗಂಡನಿಗೆ ಹೇಳಿದರು. "ಹಳೇ ಕಾಲದ ಜನ ಅಂದ್ರೆ ಇವರು." ಭಾವನ ಬೆರಳು ಸಡಿಲವಾಯಿತು. ಚೀಲ ಹೋಯಿತು.

ಮೇಲೆ ಹೋಗುವಾಗ ಆಕೆ ಚೀಲದ ಬಳಿ ಮೂಗು ತಂದು, ಕ್ಷಣಕಾಲ ನಿಂತು, ಗಂಡನ ಕಿವಿಯಲ್ಲಿ ಉಸುರಿದ್ದು ನನಗೂ ಕೇಳಿಸಿತು. "ಒಣಗಿಸಿದ ಮೀನಿನ ಮೊಟ್ಟೆ ಕಣ್ರೀ. ಬಹಳ ಹಳೇದು. ಬಹಳ ದುಬಾರಿ ಇರ್ಬೇಕು."

ಒಳಗೆ ಅಕ್ಕ, ಪೇಯಿಶಾನ್, ಶಾವ್‌ಲುನ್ ಮತ್ತು ಫಾಂಗ್ ಅವರ ತಾಯಿ ಕೂತಿದ್ದರು. ಅಕ್ಕ ಕೆಂಪು ಚೀಲ ನೋಡಿದಳು, ಭಾವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೂದಲು ಮಾಡಿಸಿಕೊಂಡು ಹತ್ತು ವರ್ಷ ಚಿಕ್ಕವಳಾಗಿದ್ದವಳು ಒಂದು ಗಳಿಗೆಯಲ್ಲಿ ಅಷ್ಟನ್ನೂ ಹಿಂದಿರುಗಿಸಿದಳು.

ಕೊಟ್ಟವರೆದುರು ಉಡುಗೊರೆ ಬಿಚ್ಚಿ ನೋಡುವುದು ನಮ್ಮಲ್ಲಿ ಸಭ್ಯತೆಯಲ್ಲ. ನಾವು ಹೋಗುವವರೆಗೆ ಯಾರೂ ತೆರೆಯುವುದಿಲ್ಲ, ಅಷ್ಟರಲ್ಲಿ ಹೇಗಾದರೂ ಎಗರಿಸಬಹುದು ಎಂದು ನಾನು ಸ್ವಲ್ಪ ಉಸಿರು ಬಿಟ್ಟೆ. ಆಗ ಅಜ್ಜಿ ಬಾಯಿ ಬಿಟ್ಟರು.

"ಅಷ್ಟು ದೂರದಿಂದ ತಂದಿದ್ದಾರೆ. ಮೊದಲು ಹಿರಿಯರಿಗೆ ಇಡಿ."

ಗೋಡೆಗೆ ಒತ್ತಿದಂತೆ ಪೂರ್ವಜರ ಪೀಠವಿತ್ತು. ಮರದ ಬೀರುವಿನಂಥದ್ದು, ಗಿಡ್ಡ ಕಾಲುಗಳು, ಮೇಲೆ ಹೆಸರಿನ ಫಲಕ, ಅಜ್ಜಿಯ ತೀರಿಹೋದ ಗಂಡನ ಪಟ. ಮಾವಿನ ಪೆಟ್ಟಿಗೆಯನ್ನು ಬದಿಗೆ ಸರಿಸಿ, ಕೆಂಪು ಚೀಲವನ್ನು ನಟ್ಟನಡುವೆ ಇಟ್ಟರು. ಧೂಪ ಹಚ್ಚಿದರು. ಪಟದಲ್ಲಿದ್ದ ಮುದುಕರು ನೇರವಾಗಿ ಚೀಲವನ್ನೇ ನೋಡುತ್ತಿದ್ದರು. ಧೂಪದ ಹೊಗೆ ತನ್ನ ಕೈಲಾದದ್ದನ್ನು ಮಾಡಿತು. ಆದರೆ ದಿನವಿಡೀ ಸೆಕೆಯಲ್ಲಿ ಊರು ನೋಡಿದ ಮೀನಿನ ಮುಂದೆ ಅದರ ಆಟ ನಡೆಯಲಿಲ್ಲ.

ಅಜ್ಜಿ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ಕೈಗೆ ತೆಗೆದುಕೊಂಡರು. ಹಿರಿಯರನ್ನು ಕೇಳುವ ಕ್ರಮ ಅದು. ತುಂಡಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಕೆಳಗೆ ಬಿಟ್ಟಾಗ ಒಂದು ಚಪ್ಪಟೆ, ಒಂದು ಉಬ್ಬು ಮೇಲಾದರೆ ಒಪ್ಪಿಗೆ. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಚಪ್ಪಟೆ ಮೇಲಾದರೆ ಹಿರಿಯರು ನಗುತ್ತಿದ್ದಾರೆ ಎಂದರ್ಥ.

"ಕೇಳಿದ್ರಾ? ತೈನಾನಿನಿಂದ ಬೀಗರು ಬಂದಿದ್ದಾರೆ. ಒಳ್ಳೇ ವಸ್ತು ತಂದಿದ್ದಾರೆ. ಹುಡುಗಿ ಇವಳೇ. ಈ ಸಂಬಂಧ ನಿಮಗೆ ಒಪ್ಪಿಗೇನಾ?" ಎಂದು ಗಂಡನ ಪಟಕ್ಕೆ ಹೇಳಿ ತುಂಡುಗಳನ್ನು ಬಿಟ್ಟರು. ಎರಡೂ ಚಪ್ಪಟೆ ಮೇಲಾಗಿ ಬಿದ್ದವು.

"ನಗ್ತಿದ್ದಾರೆ" ಎಂದರು ಅಜ್ಜಿ, ಹುಬ್ಬು ಗಂಟಿಕ್ಕಿ. ಅವರ ಜಾಗದಲ್ಲಿ ಯಾರಿದ್ದರೂ ನಗುತ್ತಿದ್ದರು ಎಂದು ನನಗನ್ನಿಸಿತು.

ಮತ್ತೆ ಬಿಟ್ಟರು. ಮತ್ತೆ ನಗು.

"ಬದುಕಿದ್ದಾಗ ಈ ಮನುಷ್ಯ ವರ್ಷಕ್ಕೊಂದ್ಸಲ ನಕ್ಕಿದ್ರೆ ಹೆಚ್ಚು. ಇವತ್ತೇನು ಬಂತು?" ಎಂದು ಅಜ್ಜಿ ಎಲ್ಲರನ್ನೂ ಒಂದು ಸುತ್ತು ನೋಡಿದರು. "ಮೂರನೇ ಸಲವೂ ಒಪ್ಪದಿದ್ರೆ ಈ ಮಾತು ಇಲ್ಲಿಗೆ ಬಿಡ್ಬೇಕು. ನಮ್ಮನೇಲಿ ಹಿಂದಿನಿಂದ ಹಂಗೇ."

ಪೇಯಿಶಾನಳ ಮುಖ ಬಿಳಿಚಿಕೊಂಡಿತು. ಅವಳು ಅಪ್ಪನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಭಾವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಅವರು ಕುರ್ಚಿಯಿಂದ ಎದ್ದರು. ಅವರ ಬುದ್ಧಿ ಎಲ್ಲಿಗೋ ಹೋಗಿದ್ದುದು ಆ ಹೊತ್ತಿಗೆ ಮನೆಗೆ ಬಂದಿತ್ತು, ಅಥವಾ ಪೂರ್ತಿ ಕೈಕೊಟ್ಟಿತ್ತು.

"ಅಜ್ಜೀ, ಹಾಕಬೇಡಿ. ಹಿರಿಯರು ನಗ್ತಿರೋದು ನನ್ನ ನೋಡಿ. ಆ ಚೀಲದಲ್ಲಿರೋದು ಮೀನಿನ ತಲೆ, ಕರುಳು. ಬೆಳಗ್ಗೆ ಗಂಜಿ ಮಾಡಿ ಉಳಿದಿದ್ದು. ಹಾಕಕ್ಕೆ ಜಾಗ ಸಿಗದೆ ಊರೆಲ್ಲಾ ಹೊತ್ಕೊಂಡು ತಿರುಗಿದೆ. ಕೆಳಗೇ ಹೇಳಿದ್ದೆ, ಕಸ ಅಂತ. ನಂಬಲಿಲ್ಲ." ಅವರು ಅಜ್ಜಿಗೆ ಕೈಮುಗಿದರು. "ನಾನು ಹಿಂಗೇ. ಜನ ನಗ್ತಾರೆ, ಅಭ್ಯಾಸ ಆಗಿದೆ. ನನ್ನ ಮಗಳು ಹಿಂಗಲ್ಲ. ಅವಳು ಅವರಮ್ಮನ ಹಾಗೆ. ನನ್ನ ಮಂಕುತನಾನ ಅವಳ ಲೆಕ್ಕಕ್ಕೆ ಹಾಕ್ಬೇಡಿ."

ಫಾಂಗ್ ಅವರ ಹೆಂಡತಿ, ಚೀಲದ ದಾರ ಹಿಡಿದಿದ್ದ ತಮ್ಮ ಕೈಯನ್ನು ದೇಹದಿಂದ ದೂರ ಚಾಚಿ ಕೂತರು. ಫಾಂಗ್ ಅವರು ನಿಧಾನವಾಗಿ ಎದ್ದು ಪೀಠದ ಬಳಿ ಹೋಗಿ, ಕೆಂಪು ಚೀಲದೊಳಗೆ ಇಣುಕಿದರು. ವರ್ಷಗಳಿಂದ ಸುಮ್ಮನೆ ಕೂತಿದ್ದ ಅಧಿಕಾರಿ ಅವರೊಳಗಿಂದ ಎದ್ದು ನಿಂತಂತೆ ಕಂಡಿತು.

"ಮುದ್ರೆಯ ಚೀಲ ಇದೆ" ಎಂದರು. "ಆದ್ರೆ ಅಡಿಗೆ ಕಸ ಇದಕ್ಕೆ ಹಾಕೋ ಹಾಗಿಲ್ಲ. ಅದನ್ನ ಬೇರೆ ಡಬ್ಬಿಗೆ ಕೊಡ್ಬೇಕು. ಗಂಟೂ ಸರಿಯಾಗಿ ಬಿಗಿದಿಲ್ಲ."

"ಹೌದು ಸರ್" ಎಂದರು ಭಾವ.

"ಎರಡು ತಪ್ಪು."

"ಹೌದು ಸರ್."

"ನಿನ್ನ ಕಾಯಿದೆ ಆಮೇಲೆ ಓದು" ಎಂದು ಅಜ್ಜಿ ಮಗನನ್ನು ಗದರಿದರು. "ಈಗ ನಿಜ ಹೇಳಿದ್ದಾಗಿದೆ. ಹಿರಿಯರೇ ತೀರ್ಮಾನ ಮಾಡ್ಲಿ." ಯಾರೂ ತಡೆಯುವ ಮುಂಚೆ ತುಂಡುಗಳನ್ನು ಹಣೆಗೊತ್ತಿ ಮೂರನೆಯ ಸಲ ಬಿಟ್ಟರು.

ಒಂದು ಅಲ್ಲೇ ಬಿದ್ದಿತು, ಉಬ್ಬು ಮೇಲಾಗಿ. ಇನ್ನೊಂದು ನೆಲಕ್ಕೆ ಬಡಿದು ಪುಟಿದು ಜಾರಿ ಪೀಠದ ಕೆಳಗೆ ಹೋಯಿತು.

"ಯಾರೂ ಮುಟ್ಟಬೇಡಿ!" ಎಂದರು ಅಜ್ಜಿ. "ನಂಗೆ ಬಗ್ಗಕ್ಕಾಗಲ್ಲ. ನೋಡಿ ಹೇಳಿ. ಚಪ್ಪಟೆ ಮೇಲಿದ್ರೆ ಒಪ್ಪಿಗೆ. ಅದೂ ಉಬ್ಬು ಮೇಲಿದ್ರೆ ಮುಗೀತು."

ಹೀಗಾಗಿ ಇಬ್ಬರು ಬೀಗರೂ ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ನೆಲಕ್ಕೆ ಅಂಟಿಸಿ, ಪೀಠದ ಅಡಿಗೆ ತಲೆ ತೂರಿಸಿದರು. ಭಾವ ಈ ಕಡೆಯಿಂದ, ಫಾಂಗ್ ಅವರು ಆ ಕಡೆಯಿಂದ. ನಡುವೆ ನಾನು, ಫೋನಿನ ದೀಪ ಹಿಡಿದುಕೊಂಡು. ಭಾವ ಅಷ್ಟು ಹತ್ತಿರ ಹೋಗಿ ಕೊನೆಯ ಕ್ಷಣದಲ್ಲಿ ಧೈರ್ಯ ಸಾಲದೆ ಕಣ್ಣು ಮುಚ್ಚಿಕೊಂಡುಬಿಟ್ಟರು.

ಬೆಳಕು ಬಿತ್ತು. ತುಂಡು ಧೂಳಿನ ನಡುವೆ ಕೂತಿತ್ತು. ಉಬ್ಬು ಮೇಲೆ. ಅನುಮಾನವೇ ಇಲ್ಲ.

ಫಾಂಗ್ ಅವರೂ ನೋಡಿದರು. ಅವರು ಬಾಯಿ ತೆರೆದರು, ಮುಚ್ಚಿದರು. ಪೀಠದ ಕಾಲುಗಳ ಸಂದಿಯಿಂದ ಹೊರಗಿನ ನೆಲ ಕಾಣುತ್ತಿತ್ತು. ಅಲ್ಲಿ ಪೇಯಿಶಾನಳ ಎರಡು ಪಾದಗಳಿದ್ದವು, ಬೆರಳು ಮಡಚಿಕೊಂಡು. ನಾವು ಮಲಗಿದ ಮೇಲೆ ಯಾವಾಗಲೋ ಶಾವ್‌ಲುನ್ ತನ್ನ ಜಾಗ ಬಿಟ್ಟು ಬಂದು ಅವಳ ಪಕ್ಕದಲ್ಲಿ ನಿಂತಿದ್ದ. ಅವನ ಪಾದ ಅವಳ ಪಾದಕ್ಕೆ ಒತ್ತಿಕೊಂಡಿತ್ತು. ಫಾಂಗ್ ಅವರು ಆ ನಾಲ್ಕು ಪಾದಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಹೆಂಡತಿಗೇ ದಂಡ ಹಾಕಿದ್ದ ಆ ಕೈಯನ್ನು ಮುಂದೆ ಚಾಚಿ, ಒಂದು ಬೆರಳಿನಿಂದ ತುಂಡನ್ನು ಮಗುಚಿದರು. ನನ್ನ ಮುಖ ನೋಡಿದರು. ನಾನು ದೀಪ ಆರಿಸಿದೆ.

"ಚಪ್ಪಟೆ ಮೇಲಿದೆ" ಎಂದು ಅವರು ಗಟ್ಟಿಯಾಗಿ ಹೇಳಿದರು. "ಒಪ್ಪಿಗೆ."

"ಸರಿಯಾಗಿ ನೋಡಿದ್ಯೇನೋ?" ಎಂದು ಮೇಲಿನಿಂದ ಅಜ್ಜಿಯ ದನಿ ಬಂತು.

"ಅಮ್ಮ, ಜೀವಮಾನವೆಲ್ಲಾ ತಪಾಸಣೆ ಮಾಡಿದೋನು ನಾನು."

ಮೇಲೆ ಹೆಂಗಸರೆಲ್ಲ ಒಟ್ಟಿಗೆ ಮಾತಾಡಲು ಶುರುಮಾಡಿದರು. ಭಾವ ಒಂದು ಕಣ್ಣು ತೆರೆದು, ಕತ್ತಲಲ್ಲಿ ಕಾಣದ ತುಂಡಿನ ಕಡೆ ನೋಡಿ, "ನಿಜವಾಗ್ಲೂ ಸರ್?" ಎಂದು ಕೇಳಿದರು.

"ಏಳಿ ಬೀಗರೇ" ಎಂದರು ಫಾಂಗ್ ಅವರು. "ಇಲ್ಲೆಲ್ಲಾ ಧೂಳಿದೆ."